ಏಳು ಗಂಟೆಗೆ ಹಸಿರಾಗುವ ಹೆಸರು

ಜುಲೈ 26, ಶನಿವಾರ

ಒಪ್ಪಿಬಿಟ್ಟ, ಒಪ್ಪಿಬಿಟ್ಟ, ಮುತ್ತು ನನ್ನನ್ನು ಅವನ ಆಟದ ತಂಡಕ್ಕೆ ಸೇರಿಸಿಕೊಳ್ಳಲು ಒಪ್ಪಿಬಿಟ್ಟ!

ಆಷಾಢ ಮುಗಿಸಿ ಕಲಬುರಗಿಯಿಂದ ನಿನ್ನೆ ತಾನೇ ಕಾಡುಗೋಡಿಗೆ ವಾಪಸು ಬಂದೆ. ಮದುವೆಯಾಗಿ ಎರಡೂವರೆ ತಿಂಗಳು. ಅದರಲ್ಲಿ ಒಂದು ತಿಂಗಳು ತವರಿನಲ್ಲಿ ಕೂತು ಹಾಳಾಯಿತು. ಅಲ್ಲಿಂದ ಸಂಜೆ ಏಳಕ್ಕೆ ಫೋನ್ ಮಾಡಿದರೆ ದಿನವೂ ಒಂದೇ ಉತ್ತರ: "ಆಟದಾಗ ಇದ್ದೀನಿ ನೀಲು, ಎಂಟಕ್ಕ ಮಾಡ್ತೀನಿ." ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು, ಐದಕ್ಕೆ ಮನೆ, ಏಳಕ್ಕೆ ಕಂಪ್ಯೂಟರು. ಊರು ಮುಳುಗಿದರೂ ಏಳರಿಂದ ಎಂಟು ನನ್ನ ಗಂಡ ನನಗೆ ಸಿಗುವುದಿಲ್ಲ. ಇವತ್ತು ನೇರವಾಗಿ ಹೇಳಿದೆ.

"ಆ ಒಂದ್ ತಾಸು ನೀ ನನಗ ಸಿಗದಿದ್ರ ಬ್ಯಾಡ. ನಾನೇ ಅಲ್ಲಿಗಿ ಬರ್ತೀನಿ."

ಅವನು ಸ್ಕ್ರೀನನ್ನೇ ನೋಡುತ್ತಾ ಕೂತ. ಬೇಡ ಅನ್ನುತ್ತಾನೆ ಅಂದುಕೊಂಡೆ. ಆಮೇಲೆ "ಹೂಂ, ಬಾ" ಅಂದ. ನಾನು ಕುಣಿದ ರಭಸಕ್ಕೆ ಕೆಳಗಿನಿಂದ ಮನೆ ಓನರ್ ವೆಂಕಟಮ್ಮ "ಏನಮ್ಮಾ ಬಿತ್ತು?" ಅಂತ ಕೂಗಿದರು!

ಈ ದಿನಚರಿಯನ್ನು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಮೂರು ಸಾಲು ಓದಿದರೆ ರಜೆ ಚೀಟಿಯ ಹಾಗಿತ್ತು. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ. ಇಲ್ಲಿ ದಂಡ ಹಾಕುವ ಸಿಸ್ಟರ್ ಇಲ್ಲ. ಬರೆಯುತ್ತೇನೆ!

ಜುಲೈ 27, ಭಾನುವಾರ

ಹೆಡ್‌ಸೆಟ್ ಬಂತು! ಹೋಪ್‌ಫಾರ್ಮ್ ಹತ್ತಿರದ ಶಿವಶಂಕರ್ ಅವರ ಅಂಗಡಿಯಲ್ಲಿ ಒಂದೂವರೆ ತಾಸು ಕೂತು ಆರಿಸಿದೆ. ನನ್ನ ಬೇಡಿಕೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಕಿವಿ ಪೂರ್ತಿ ಮುಚ್ಚಬೇಕು, ಓಲೆ ಒತ್ತಬಾರದು, ತಲೆ ಹಿಡಿಯಬಾರದು, ಹೆಜ್ಜೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯಬೇಕು, ಮೈಕಿನಲ್ಲಿ ನನ್ನ ದನಿ ಮಾತ್ರ ಹೋಗಬೇಕು. ಬೆಳಿಗ್ಗೆ ಮಕ್ಕಳಿಗೆ ಆನ್‌ಲೈನ್ ಸ್ಪೋಕನ್ ಇಂಗ್ಲಿಷ್ ಕ್ಲಾಸು, ಸಂಜೆ ಯುದ್ಧ.

"ಎರಡಕ್ಕೂ ಒಂದೇ ಸಾಕು ಬಿಡಿ ಮೇಡಂ," ಅಂದರು ಶಿವಶಂಕರ್. "ಮಕ್ಕಳಿಗೆ ಬಯ್ಯೋದೂ ಶತ್ರುಗಳಿಗೆ ಬಯ್ಯೋದೂ ಮೈಕಿಗೆ ಒಂದೇ."

ಒಂಬತ್ತು ಹಾಕಿ ನೋಡಿದೆ. ಕೊನೆಗೆ ಕೆಂಪು ದೀಪ ಹತ್ತುವ ಒಂದನ್ನು ಹಿಡಿದುಕೊಂಡೆ. ಮುತ್ತು ಕೈಯಲ್ಲಿ ತೂಗಿ ನೋಡಿ "ಭಾರ ಅದ ನೀಲು, ಅರ್ಧ ತಾಸಿಗಿ ಕುತ್ತಿಗಿ ನೋಯ್ತದ" ಅಂದ.

"ಚಂದ ಅದಲಾ!"

"ಕಿವಿ ಮ್ಯಾಲಿನ ದೀಪ ನಿನಗ ಹ್ಯಾಂಗ ಕಾಣ್ತದ?"

ಕೇಳಿಸಲೇ ಇಲ್ಲ ಅನ್ನುವ ಹಾಗೆ ದುಡ್ಡು ಕೊಟ್ಟೆ. ಏಳು ದಿನದೊಳಗೆ ಬದಲಾಯಿಸಿಕೊಡುತ್ತಾರಂತೆ, ಸಾಕು.

ಜುಲೈ 28, ಸೋಮವಾರ

ಮೊದಲ ಆಟ! ನಾನು ನಾಲ್ಕು ಸಲ ಸತ್ತೆ. ಒಮ್ಮೆ ಸೇತುವೆಯಿಂದ ನಾನಾಗಿಯೇ ಬಿದ್ದೆ.

ಆಡುವವರು ಮೂರು ಜನ. ನಾನು, ಮುತ್ತು, ಚಂದಾಪುರದಿಂದ ಪರಮಾನಂದ. ಪರಮಾನಂದ ಮುತ್ತುವಿನ ಹಳೆಯ ಕಂಪನಿಯ ಗೆಳೆಯ, ಬಾಯಿ ನಿಲ್ಲುವುದೇ ಇಲ್ಲ. "ಅತ್ತಿಗೆ, ನಿಮ್ಮ ಮೈಕ್ ಸಕ್ಕತ್ತಾಗಿದೆ ಕಣ್ರೀ! ಒಂದೊಂದ್ ಬಳೆನೂ ಬೇರೆ ಬೇರೆ ಕೇಳಿಸ್ತಾ ಇದೆ. ಮಗಾ ಮುತ್ತು, ಹಸಿರು ಬಳೆ ಎಷ್ಟು ಡಜನ್ ಹಾಕ್ಸಿದೀಯೋ? ಈ ಸದ್ದಿಗೆ ಶತ್ರುಗಳು ಅರಿಶಿನ ಕುಂಕುಮಕ್ಕೆ ಬಂದುಬಿಡ್ತಾರೆ." ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಮಾತಾಡಲಿಕ್ಕೆ ಬೇರೆ ಆ್ಯಪ್. ಅದರ ಕೋಣೆಯಲ್ಲಿ ಮೂರಲ್ಲ, ನಾಲ್ಕು ಹೆಸರುಗಳಿವೆ. ನಾಲ್ಕನೆಯದು 'ಸಿದ್ರಾಮ'. ಏಳಕ್ಕೆ ಸರಿಯಾಗಿ ಆ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂತು. ಆಮೇಲೆಯೇ ಮುತ್ತು ಆಟ ಶುರು ಮಾಡಿದ. ಅದಕ್ಕೇ ಕಾಯುತ್ತಿದ್ದ ಹಾಗಿತ್ತು.

"ಸಿದ್ರಾಮ ಯಾರು? ಯಾಕ ಆಡಂಗಿಲ್ಲ?"

"ಗೆಳ್ಯಾ. ಅಂವ ಸುಮ್ನ ಕೇಳ್ತಾನ."

"ಮಾತಾಡಂಗಿಲ್ಲೇನು?"

"ಇಲ್ಲ."

ಪರಮಾನಂದನೂ ಆ ಹೊತ್ತಿಗೆ ಸುಮ್ಮನಾದ. ಪಾಪ, ನಾಚಿಕೆ ಸ್ವಭಾವದವನಿರಬೇಕು. ನಾನೇ ಮಾತಾಡಿಸಿದೆ. "ಸಿದ್ದು ಅಣ್ಣಾ, ಊಟ ಆಯ್ತೇನ್ರೀ?" ಉತ್ತರವಿಲ್ಲ. ಇರಲಿ, ನಾನು ಬಿಡುವವಳಲ್ಲ.

ಹೆಡ್‌ಸೆಟ್ಟಿನಲ್ಲಿ ಒಂದು ಸಣ್ಣ ತೊಂದರೆ. ಎಲ್ಲರೂ ಸುಮ್ಮನಿದ್ದಾಗ ಏನೋ ಸರ್ ಸರ್ ಅನ್ನುತ್ತದೆ. ಯಾರೋ ಉಸಿರಾಡಿದ ಹಾಗೆ.

ಜುಲೈ 30, ಬುಧವಾರ

ಕೆಂಪು ದೀಪದ ಸುಂದರಾಂಗನನ್ನು ವಾಪಸು ಕೊಟ್ಟೆ. ಮುತ್ತು ಹೇಳಿದ್ದು ನಿಜ, ಕುತ್ತಿಗೆ ಹಿಡಿದುಕೊಂಡಿದೆ. ಚರ್ಮದ ಥರದ ದಿಂಬಿನಿಂದ ಕಿವಿಯೆಲ್ಲ ಬೆವರು, ಬಲ ಓಲೆಯ ತಿರುಪು ಒತ್ತಿ ಗಾಯ. ನಿನ್ನೆ ಪಂಚಮಿ. ಅವ್ವ ಕೊಟ್ಟು ಕಳಿಸಿದ ಉಂಡಿ ತಿನ್ನುತ್ತಾ ಆಡಿದೆ. ಅಗಿಯುವ ಸದ್ದು ಚಂದಾಪುರದ ತನಕ ಹೋಯಿತಂತೆ.

ಆ ಉಸಿರೂ ಇತ್ತು. ಶಿವಶಂಕರ್ ಅವರಿಗೆ ಹೇಳಿದೆ. "ಒಳಗೆ ತಂತಿ ಲೂಸ್ ಇರಬಹುದು ಮೇಡಂ" ಅಂತ ಹಗುರವಾದ ಇನ್ನೊಂದು ಕೊಟ್ಟರು. ಇದರ ಸೌಂಡು ಇನ್ನೂ ಒಳ್ಳೆಯದು, ಸುತ್ತಲಿನಿಂದಲೂ ಬರುತ್ತದೆ.

ಆಗಸ್ಟ್ 1, ಶುಕ್ರವಾರ

ಹೊಸದರಲ್ಲೂ ಅದೇ. ಇನ್ನೂ ಸ್ಪಷ್ಟ.

ಆಟದಲ್ಲಿ ನಾವು ಒಂದು ಖಾಲಿ ಗೋದಾಮಿನಲ್ಲಿ ಅಡಗಿ ಕೂತಿದ್ದೆವು. ಯಾರೂ ಮಾತಾಡಬಾರದು. ಆಗ ನನ್ನ ಬಲಕ್ಕೆ, ಸ್ವಲ್ಪ ಹಿಂದೆ, ಯಾರೋ ಉಸಿರು ಎಳೆದುಕೊಂಡು ತಡೆದು ಹಿಡಿದರು. ನಾನು ತಿರುಗಿ ನೋಡಿದೆ. ಆಟದಲ್ಲಲ್ಲ, ಕುರ್ಚಿಯಲ್ಲಿ. ಹಿಂದೆ ನಮ್ಮ ಬೀರು, ಅದರ ಕನ್ನಡಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡ ನಾನು. ಅಷ್ಟೇ.

ನನಗೆ ನಗು ಬಂತು. ಜೋರಾಗಿ ನಕ್ಕೆ, ಶತ್ರುಗಳು ಬಂದು ಮೂವರನ್ನೂ ಹೊಡೆದು ಹೋದರು. ಪರಮಾನಂದ "ಅತ್ತಿಗೆ, ನೀವು ಅವರ ಕಡೆ ಸೇರ್ಕೊಂಡುಬಿಡಿ, ನಾವು ಗೆಲ್ತೀವಿ" ಅಂದ.

ಸಿದ್ದು ಅಣ್ಣನಿಗೆ ಇವತ್ತೂ ಊಟ ಆಯಿತೇ ಕೇಳಿದೆ. ಕೇಳುವಾಗ ಮುತ್ತು ಪ್ರತಿ ಸಲವೂ ನನ್ನ ಕಡೆ ನೋಡಿ ಏನೋ ಹೇಳಲು ಹೋಗಿ ಬಿಡುತ್ತಾನೆ. ಇಷ್ಟು ಒಳ್ಳೆಯ ಹೆಂಡತಿ ಸಿಕ್ಕಿದ್ದಾಳಲ್ಲ ಅಂತ ಇರಬೇಕು!

ಆಗಸ್ಟ್ 3, ಭಾನುವಾರ

ಮತ್ತೆ ಅಂಗಡಿ. ಶಿವಶಂಕರ್ ನನ್ನನ್ನು ನೋಡಿಯೇ ಕೈಮುಗಿದರು.

"ಬೆಳಿಗ್ಗೆ ಕ್ಲಾಸಲ್ಲಿ ಬರುತ್ತಾ ಈ ಸದ್ದು?"

"ಇಲ್ಲ."

"ಸಿನಿಮಾ ನೋಡೋವಾಗ?"

"ಇಲ್ಲ."

"ಸಂಜೆ ಆ ರೂಮಿಗೆ ಹೋದಾಗ ಮಾತ್ರ. ಹಂಗಾದ್ರೆ ನನ್ನ ಹೆಡ್‌ಸೆಟ್‌ಗಳದ್ದು ಏನೂ ತಪ್ಪಿಲ್ಲ ಮೇಡಂ, ಪಾಪ ಅವಕ್ಕೆ ಬೈಯಬೇಡಿ. ಆ ಕಡೆ ಯಾರದೋ ಮೈಕ್ ಆನ್ ಇದೆ. ಅವರಿಗೆ ಗೊತ್ತಿಲ್ಲ. ಒಳ್ಳೆ ಹೆಡ್‌ಸೆಟ್ ಅಂದ್ರೆ ಇದೇ ನೋಡಿ, ಬೇಡದ್ದನ್ನೂ ಕೇಳಿಸುತ್ತೆ."

ಸರಿ ಅಂದುಕೊಂಡೆ. ಆದರೂ ಓಲೆಯ ಗಾಯಕ್ಕೆಂದು ಬಟ್ಟೆಯ ದಿಂಬಿರುವ ಮೂರನೆಯದನ್ನು ತೆಗೆದುಕೊಂಡು ಬಂದೆ. ಇದು ಚಂದವಿಲ್ಲ, ಬೂದು ಬಣ್ಣ. ಹಾಕಿಕೊಂಡಿದ್ದೇ ನೆನಪಿರುವುದಿಲ್ಲ, ಅಷ್ಟು ಮೆತ್ತಗೆ.

ಮನೆಗೆ ಬಂದು ಮುತ್ತುವಿಗೆ ಹೇಳಿದೆ. "ನಿನ್ನ ಸಿದ್ದುಗ ಹೇಳು, ಮೈಕ್ ಬಂದ್ ಮಾಡು ಅಂತ. ದಿನಾ ಅಂವ ಉಸಿರಾಡೋದು ನನ್ನ ಕಿವ್ಯಾಗ ಕೇಳಸ್ತದ."

ಅವನು ಈರುಳ್ಳಿ ಹೆಚ್ಚುತ್ತಿದ್ದ. ಕೈ ನಿಂತಿತು.

"ಏನ್ ಕೇಳಸ್ತದ?"

"ಉಸಿರು."

"ದನಿ?"

"ದನಿ ಇಲ್ಲ. ಉಸಿರು. ಒಮ್ಮೊಮ್ಮೆ ಏನೋ ಸಪ್ಪಳ."

ಅವನು ಚಾಕು ಕೆಳಗಿಟ್ಟು ಟೆರೇಸಿಗೆ ಹೋದ. ಹಿಂದೆಯೇ ಹೋದರೆ "ಕಣ್ಣು ಉರಿತದ ನೀಲು, ಉಳ್ಳಾಗಡ್ಡಿ" ಅಂದ. ಇವತ್ತು ಅವನು ಆಡಲಿಲ್ಲ. ಏಳಕ್ಕೆ ಅವನ ಕಂಪ್ಯೂಟರ್ ಕಪ್ಪಾಗಿಯೇ ಇತ್ತು. ನಾನು ನನ್ನದರಲ್ಲಿ ಇಣುಕಿದೆ. ಸಿದ್ರಾಮನ ಹೆಸರು ಹಸಿರಾಗಿತ್ತು, ಒಂಟಿಯಾಗಿ.

ಆಗಸ್ಟ್ 4, ಸೋಮವಾರ

ನೀರಿನ ಮೋಟರ್ ಹಾಕಲು ಕೆಳಗೆ ಹೋದಾಗ ವೆಂಕಟಮ್ಮ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದರು. ಸುಮ್ಮನೆ ಕೇಳಿದೆ, ನಮ್ಮವರ ಗೆಳೆಯ ಸಿದ್ದು ಅಂತ ಇದ್ದಾನಲ್ಲ, ಅವನು ಎಲ್ಲಿರೋದು ಅಂತ.

"ಯಾವ ಸಿದ್ದು? ಕೆಳಗಿನ ರೂಮ್ನಾಗೆ ನಿನ್ ಗಂಡನ ಜತೆ ಇದ್ನಲ್ಲ, ಆ ಯಾದಗಿರಿ ಕಡೆ ಸಿದ್ರಾಮನಾ?"

"ಹೂಂ, ಅವರೇ."

"ಅವನೆಲ್ಲವ್ನೆ ಈಗ. ಓದೊರ್ಸ ಇದೇ ಶ್ರಾವಣದಾಗೆ ಓಗ್ಬಿಟ್ನಲ್ಲಮ್ಮ. ಡೆಂಗಿ ಜ್ವರ. ಒಳ್ಳೆ ಉಡ್ಗ. ಎರಡು ದಿನ ನಾನೇ ಗಂಜಿ ಕೊಟ್ಟೆ. ಮೂರನೇ ದಿನ ಬಾಗ್ಲು ತಟ್ಟುದ್ರೆ ಮಾತೇ ಇಲ್ಲ. ಆಟೋದಾಗೆ ಆಕ್ಕೊಂಡ್ ಓದ್ವಿ."

"ಮುತ್ತು... ಅವರು ಎಲ್ಲಿದ್ದರು?"

ವೆಂಕಟಮ್ಮ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು.

"ಊರಿಗ್ ಓಗಿದ್ದ ಕಣಮ್ಮ. ನಿಮ್ದೇ ನಿಶ್ಚಿತಾರ್ಥ ಇತ್ತಲ್ಲ."

ಆಗಸ್ಟ್ 5, ಮಂಗಳವಾರ

ನಿಶ್ಚಿತಾರ್ಥದ ಫೋಟೋಗಳನ್ನು ನೋಡಿದೆ. ಕಳೆದ ವರ್ಷ ಆಗಸ್ಟ್ ಹದಿನೆಂಟು. ಆರು ಫೋಟೋಗಳಲ್ಲಿ ಮುತ್ತುವಿನ ಕೈಯಲ್ಲಿ ಫೋನಿದೆ. ಒಂದರಲ್ಲಿ ನಾನು ಉಂಗುರದ ಬೆರಳು ತೋರಿಸಿ ನಗುತ್ತಿದ್ದೇನೆ, ಅವನು ಪಕ್ಕಕ್ಕೆ ತಿರುಗಿ ಫೋನ್ ಕಿವಿಗಿಟ್ಟುಕೊಂಡಿದ್ದಾನೆ. ನಾಚಿಕೆ ಅಂದುಕೊಂಡಿದ್ದೆ. ಆ ಫೋಟೋವನ್ನು ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದವಳು ನಾನೇ.

ಏಳಕ್ಕೆ ಹೆಸರು ಹಸಿರಾಯಿತು. ಹೆಡ್‌ಸೆಟ್ ಮುಟ್ಟಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತೆ.

ಆಗಸ್ಟ್ 6, ಬುಧವಾರ

ಮುತ್ತು ಹೇಳಿದ. ನಾನು ಕೇಳಲಿಲ್ಲ, ವೆಂಕಟಮ್ಮ ಹೇಳಿರಬೇಕು ನನಗೆ ಗೊತ್ತಾಗಿದೆ ಅಂತ.

ಸಿದ್ರಾಮನಿಗೆ ಗುರುವಾರ ಜ್ವರ ಬಂತು. ಶುಕ್ರವಾರ ಮುತ್ತು ಹೊರಡಬೇಕು. ನಿಲ್ಲುತ್ತೇನೆ ಅಂದನಂತೆ. "ಹುಚ್ಚ ಅದೀಯೇನಲೇ, ಜ್ವರ ತಿಂಗಳಿಗೊಮ್ಮೆ ಬರ್ತದ, ನಿಶ್ಚಯ ಒಮ್ಮೆ ಆಗ್ತದ, ನಡಿ" ಅಂತ ಸಿದ್ರಾಮನೇ ಬ್ಯಾಗು ತುಂಬಿ ಕೊಟ್ಟ. ಭಾನುವಾರ ಫೋನಿನಲ್ಲಿ ಆರಾಮ ಇದ್ದೀನಿ ಅಂದ. ಮಂಗಳವಾರ ಮುತ್ತು ವಾಪಸು ಬರುವಷ್ಟರಲ್ಲಿ ಆಸ್ಪತ್ರೆಯಲ್ಲಿದ್ದ, ಮಾತಿರಲಿಲ್ಲ. ಬುಧವಾರ ಹೋದ. ಅವನ ಲ್ಯಾಪ್‌ಟಾಪು, ಹೆಡ್‌ಸೆಟ್ಟು, ಬಟ್ಟೆ ಎಲ್ಲವನ್ನೂ ಚೀಲದಲ್ಲಿ ಹಾಕಿ ಮುತ್ತುವೇ ಊರಿಗೆ ಒಯ್ದು ಅವನ ತಂಗಿ ಮಹಾನಂದಾಳ ಕೈಗೆ ಕೊಟ್ಟು ಬಂದ. ತಂದೆ ಮೊದಲೇ ಇಲ್ಲ. ತಾಯಿ ಚನ್ನಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ಅಂದಿನಿಂದ ಮುತ್ತು ಆ ಮನೆಗೆ ಒಂದು ಫೋನೂ ಮಾಡಿಲ್ಲ.

"ದೀಪಾವಳಿ ಆದ್ಮ್ಯಾಲ ಒಂದಿನ ಏಳಕ್ಕ ಅಂವನ ಹೆಸರು ಹತ್ತಿತು. ನಾನೂ ಪರಮ್ಯಾನೂ ಆಟದಾಗ ಇದ್ವಿ. ಇಬ್ರೂ ನೋಡಿದ್ವಿ. ಇಬ್ರೂ ಏನೂ ಅನ್ಲಿಲ್ಲ. ನಾ ಅಂವನ ದನಿ ನನ್ನ ಕಡೆ ಬಂದ್ ಮಾಡಿಟ್ಟೆ. ಪರಮ್ಯಾನೂ ಮಾಡ್ಯಾನ, ಮೊನ್ನಿ ಕೇಳ್ದೆ."

"ಮಾತಾಡ್ತಾನ ಅಂತ ಅಂಜಿಕಿ ಆಯ್ತೇನು?"

"ಮಾತಾಡಂಗಿಲ್ಲ ಅಂತ ಅಂಜಿಕಿ ನೀಲು. ಬಂದ್ ಮಾಡಿಟ್ರ ಮಾತಾಡ್ಲಾಕತ್ತಾನೋ ಇಲ್ಲೋ ಗೊತ್ತಾಗಂಗಿಲ್ಲಲಾ."

ಒಂಬತ್ತು ತಿಂಗಳು ದಿನಾ ಏಳಕ್ಕೆ ಆ ಚುಕ್ಕೆ ಬರಲೆಂದು ಕಾದು ಆಮೇಲೆ ಆಡಿದ್ದಾರೆ. ಬಾರದ ದಿನ ಆಡಿಲ್ಲ. ನಾನು ಹೊಸಬಳು, ನನ್ನ ಕಂಪ್ಯೂಟರಿನಲ್ಲಿ ಯಾರ ದನಿಯನ್ನೂ ಬಂದ್ ಮಾಡಿರಲಿಲ್ಲ. ಅದಕ್ಕೇ ನನಗೊಬ್ಬಳಿಗೇ ಕೇಳಿಸಿತು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಅಂತ ಬೀದಿಯಲ್ಲೆಲ್ಲ ಹೂವು, ಬಾಳೆಕಂದು. ವೆಂಕಟಮ್ಮ ಕುಂಕುಮಕ್ಕೆ ಕರೆದರು, ಹೋಗಿ ಬಂದೆ. ಆರೂಮುಕ್ಕಾಲಿಗೆ ಬಳೆಗಳನ್ನು ಸೆರಗಿನಿಂದ ಸುತ್ತಿ ಕಟ್ಟಿಕೊಂಡು, ಫ್ಯಾನು ಆರಿಸಿ, ಬೂದು ಹೆಡ್‌ಸೆಟ್ ಹಾಕಿಕೊಂಡು ಕೂತೆ. ಮುತ್ತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. "ಬ್ಯಾಡ" ಅಂತ ಎರಡು ಸಲ ಹೇಳಿದ.

ಏಳಕ್ಕೆ ಹಸಿರು. ಬಟ್ಟೆಯ ದಿಂಬು ಕಿವಿಯನ್ನು ತಬ್ಬಿಕೊಂಡಿತ್ತು. ಬೀದಿಯ ಹಾರ್ನು, ಮೇಲಿನ ಟ್ಯಾಂಕಿನ ನೀರು, ಯಾವುದೂ ಇಲ್ಲ. ಉಸಿರು ಮಾತ್ರ. ಸುಳ್ಳು ಯಾಕೆ ಬರೆಯಲಿ, ಎದ್ದು ಓಡಬೇಕು ಅನಿಸಿತು. ಆ ಉಸಿರು ಯಾವುದಕ್ಕೋ ಕಾಯುತ್ತಿತ್ತು.

ಯಾರೂ ಮಾತಾಡದ್ದರಿಂದ ಇರಬೇಕು, ಸ್ವಲ್ಪ ಹೊತ್ತಿಗೆ ಉಸಿರು ದೂರವಾಯಿತು. ಏನೋ ಎಳೆದ ಸದ್ದು. ಆಮೇಲೆ ತಪ್ ತಪ್ ತಪ್, ಒಂದು ನಿಲುಗಡೆ, ತಪ್ ತಪ್. ಮತ್ತೆ ನಿಲುಗಡೆ. ಹಿಂದೆಲ್ಲ ಇದನ್ನೇ ನಾನು 'ಏನೋ ಸಪ್ಪಳ' ಅಂದಿದ್ದೆ, ನಮ್ಮ ನಗುವಿನ ಕೆಳಗೆ ಅದು ತುಂಡು ತುಂಡಾಗಿ ಬರುತ್ತಿತ್ತು. ಇವತ್ತು ಪೂರ್ತಿ ಕೇಳಿದೆ. ಆಷಾಢದ ತಿಂಗಳಿಡೀ ಸಂಜೆ ಇದೇ ಸದ್ದಿನ ಪಕ್ಕ ಕೂತು ಫೋನ್ ನೋಡಿದವಳು ನಾನು. ಇದು ಜೋಳದ ರೊಟ್ಟಿ ಬಡಿಯುವ ಸದ್ದು. ನಿಲುಗಡೆ ಅಂದರೆ ರೊಟ್ಟಿ ತಿರುಗಿಸಿ ಹಿಟ್ಟು ಉದುರಿಸುವುದು. ಸತ್ತವರು ರೊಟ್ಟಿ ಬಡಿಯುವುದಿಲ್ಲ.

"ಅವ್ವಾ," ಅಂದೆ. "ನಾ ಮುತ್ತುನ ಹೆಂಡತಿ ಮಾತಾಡ್ಲಾಕತ್ತೀನ್ರಿ."

ಬಡಿತ ನಿಂತಿತು. ದೂರದಲ್ಲಿ ಒಂದು ಹುಡುಗಿಯ ದನಿ, "ಯವ್ವಾ, ಅವ್ರಿಗಿ ಕೇಳ್ಸಲಾಕತ್ತದ! ಬಂದ್ ಮಾಡು, ಬಂದ್ ಮಾಡು!" ಹಸಿರು ಆರಿತು.

ಮುತ್ತುವಿಗೆ ಹೇಳಿದೆ, ಕೇಳುತ್ತಿದ್ದದ್ದು ಚನ್ನಕ್ಕ ಅಂತ. ಅವನು ಒಳಗೆ ಬಂದು ಸ್ಕ್ರೀನಿನ ಮುಂದೆ ನಿಂತ.

"ಎಲ್ಲಾ ಕೇಳ್ಯಾಳೇನು? ನಾವು ನಕ್ಕಿದ್ದು, ಒದರಿದ್ದು?"

ಅದಕ್ಕಿಂತ ಹೆಚ್ಚು ನಕ್ಕವಳು ನಾನು.

ಆಗಸ್ಟ್ 9, ಶನಿವಾರ

ಹೆಸರು ಬರಲಿಲ್ಲ.

ಆಗಸ್ಟ್ 11, ಸೋಮವಾರ

ಬರಲಿಲ್ಲ. ಮುತ್ತು ತನ್ನ ಕಡೆ ಬಂದ್ ಮಾಡಿದ್ದನ್ನು ತೆಗೆದಿದ್ದಾನೆ. ಪರಮಾನಂದನೂ ತೆಗೆದಿದ್ದಾನೆ. ಆಟ ಹಚ್ಚುವುದಿಲ್ಲ. ಏಳರಿಂದ ಎಂಟು ಮೂವರೂ ಹೆಡ್‌ಸೆಟ್ ಹಾಕಿಕೊಂಡು ಸುಮ್ಮನೆ ಕೂರುತ್ತೇವೆ. ಇವತ್ತು ಪರಮಾನಂದ ಒಮ್ಮೆ ಮಾತ್ರ ಮಾತಾಡಿದ. "ಮಗಾ, ಫೋನ್ ಮಾಡೋ ಅಮ್ಮಂಗೆ." ಮುತ್ತು "ಏನಂತ ಮಾಡ್ಲಿ?" ಅಂದ.

ರಾತ್ರಿ ಊಟಕ್ಕೆ ಅವನು ಅರ್ಧ ಚಪಾತಿ ತಿಂದ. ನಾನು ಬಾಯಿ ತೆರೆಯದಿದ್ದರೆ ಆ ತಾಯಿ ದಿನಾ ಬರುತ್ತಿದ್ದಳು. ಈಗ ಆ ಮನೆಯಲ್ಲಿ ಏಳಕ್ಕೆ ಏನು ಮಾಡುತ್ತಾಳೋ. ಹಾಲಿನ ಫೋಟೋ ಇಳಿಸಿ ಬೀರುವಿನಲ್ಲಿಟ್ಟೆ. ಮುತ್ತು ಗೋಡೆಯ ಖಾಲಿ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

ಆಗಸ್ಟ್ 14, ಗುರುವಾರ

ಬಂತು.

ಏಳು ದಾಟಿ ಹತ್ತು ನಿಮಿಷವಾಗಿತ್ತು. ಹಸಿರಾಯಿತು.

"ಮುತ್ತಣ್ಣಾ, ನಾ ಮಹಾನಂದಾ. ಮಂಗಳವಾರ ಅಣ್ಣನ ವರ್ಷದ ಪೂಜಿ ಇತ್ತು, ಮನಿ ತುಂಬ ಮಂದಿ. ಅದಕ್ಕ ಹಚ್ಚಿಲ್ಲ."

ಮುತ್ತು ಕುರ್ಚಿ ಎಳೆದುಕೊಂಡು ಸ್ಕ್ರೀನಿನ ಹತ್ತಿರ ಬಾಗಿದ. ಅವಳೇ ಹೇಳಿದಳು. ಕಾಲೇಜಿನ ನೋಟ್ಸಿಗೆಂದು ದೀಪಾವಳಿ ಮುಗಿದ ಮೇಲೆ ಅಣ್ಣನ ಲ್ಯಾಪ್‌ಟಾಪ್ ತೆರೆದಳು. ಆ್ಯಪು ತಾನಾಗಿ ತೆರೆದುಕೊಂಡಿತು, ಒಳಗೆ ಮುತ್ತು ಮತ್ತು ಪರಮಾನಂದ ಜಗಳಾಡುತ್ತಿದ್ದರು. ಒಲೆ ಮುಂದಿದ್ದ ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಿದ್ರಾಮ ಇದ್ದಾಗ ದಿನಾ ಏಳಕ್ಕೆ ತಾಯಿಗೆ ಫೋನ್ ಹಚ್ಚಿ ಜೇಬಿನಲ್ಲಿಟ್ಟುಕೊಂಡು ಆಡುತ್ತಿದ್ದನಂತೆ. ಮಾತೇನೂ ಇಲ್ಲ. ತಾಯಿ ರೊಟ್ಟಿ ಬಡಿಯುತ್ತಾ ಇವರ ಗಲಾಟೆ ಕೇಳುವುದು, ಅಷ್ಟೇ. ಮುತ್ತುವಿಗೂ ಇದು ಗೊತ್ತಿರಲಿಲ್ಲ. ಮೈಕು ತೆರೆದಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ನಾನು ಹೆಡ್‌ಸೆಟ್ ತೆಗೆದಿಟ್ಟು ಏಳಲು ಹೋದೆ. ಆಗ ಇನ್ನೊಂದು ದನಿ ಬಂತು. ಇಷ್ಟು ದಿನ ಉಸಿರಾಗಿ ಮಾತ್ರ ಗೊತ್ತಿದ್ದ ದನಿ.

"ಆ ಹುಡುಗಿ ಇರ್ಲಿ. ಅಕಿಗೂ ಹೇಳೂದದ."

ಕೂತೆ.

"ತಂಗೀ, ಮೊದ್ಲನೇ ದಿನ ನಿನ್ನ ನಗಿ ಕೇಳಿ ನನ್ನ ಹೊಟ್ಟಿ ಉರೀತು. ಈಕಿ ನಿಶ್ಚಯದ ಸಲುವಾಗಿ ನನ್ನ ಮಗ ಒಬ್ಬನ ಬಿದ್ದಿದ್ದಾ ಅಂತ. ಬಂದ್ ಮಾಡು ಅಂದೆ ಈ ಹುಡುಗಿಗಿ. ಬಂದ್ ಮಾಡೂದ್ರಾಗ ನೀ ಕೇಳ್ದಿ, ಸಿದ್ದು ಅಣ್ಣಾ ಊಟ ಆಯ್ತೇನ್ರೀ ಅಂತ. ವರ್ಷ ಆಗ್ಲಾಕ ಬಂತು, ನನ್ನ ಮಗಗ ಊಟ ಆಯ್ತೇನು ಅಂತ ಯಾರೂ ಕೇಳಿಲ್ಲ. ಮರುದಿನ ಮತ್ತ ಹಚ್ಚು ಅಂದೆ."

ಮುತ್ತು ಮುಖ ಮುಚ್ಚಿಕೊಂಡಿದ್ದ. "ನಾ ಹೋಗಬಾರದಿತ್ತು ಅವ್ವಾ. ಅಂವ ಹೋಗು ಅಂದ್ರೂ ನಾ ಹೋಗಬಾರದಿತ್ತು."

"ನೀ ಸುಮ್ಕಿರು," ಅಂದರು ಚನ್ನಕ್ಕ. "ಅಂವ ಹೋಗು ಅಂದಿಲ್ಲ. ನಾ ಅಂದೀನಿ."

ಮಹಾನಂದಾ "ಯವ್ವಾ" ಅಂದಳು, ತಡೆಯುವ ಹಾಗೆ.

"ಹೇಳ್ತೀನಿ ಬಿಡಬೇ. ಶುಕ್ರವಾರ ಮುಂಜಾನಿ ಫೋನ್ ಮಾಡಿದ್ದ. ಯವ್ವಾ ಜ್ವರ ಬಾಳ ಅದ, ಮುತ್ತ್ಯಾ ನಿಲ್ತೀನಿ ಅನ್ಲಾಕತ್ಯಾನ, ನಿಲ್ಲಿಸ್ಕೊಳ್ಳಲೇನು ಅಂತ ಕೇಳ್ದ. ಶುಭಕಾರ್ಯಕ್ಕ ಅಡ್ಡ ಆಗಬ್ಯಾಡ, ಕಳಸು, ಜ್ವರ ಇಳಿತದ ಅಂದೆ. ನಾ ಅಂದೆ. ಇದು ನಿನಗ ಗೊತ್ತದೋ ಇಲ್ಲೋ ತಿಳೀಲಾಕ ದಿನಾ ಕೇಳ್ಕೋತ ಕೂಡ್ತಿದ್ದೆ ಮುತ್ತ್ಯಾ. ನೀವಿಬ್ರೂ ಎಂದಾರ ಮಾತಾಡಿ ನನಗ ಬೈತೀರಿ ಅಂತ. ಒಂದಿನಾನೂ ಬೈಲಿಲ್ಲ. ಅಂವನ ಹೆಸರ ಎತ್ತಲಿಲ್ಲ. ನನ್ನ ಮಗ ಏನೂ ಹೇಳಿಲ್ಲೇನು ನಿಮ್ಮ ಮುಂದ?"

"ಇಲ್ಲವ್ವಾ. ನಿನ್ನ ಹೆಸರು ಹೇಳಿಲ್ಲ. ತಾನ ಹೋಗು ಅಂದ."

ಆ ಕಡೆಯಿಂದ ಬಂದ ಸದ್ದನ್ನು ನಾನು ಬರೆಯಲಾರೆ. ಹೆಡ್‌ಸೆಟ್ ಅಷ್ಟು ಒಳ್ಳೆಯದಿರಬಾರದಿತ್ತು. ಮುತ್ತುವಿನ ಸದ್ದು ಪಕ್ಕದ ಕುರ್ಚಿಯಿಂದಲೂ ಬಂತು, ಕಿವಿಯೊಳಗಿಂದಲೂ ಬಂತು. ಚಂದಾಪುರದಲ್ಲಿ ಪರಮಾನಂದ ಮೂಗು ಒರೆಸಿಕೊಂಡ. ಎಂಟೂವರೆಯ ತನಕ ಹಾಗೆಯೇ ಕೂತಿದ್ದೆವು.

ಕೊನೆಗೆ ಚನ್ನಕ್ಕ ಕೇಳಿದರು. "ಅಂವ ಮಲಗಿದ್ದ ಖೋಲಿ ಅದ ಏನು ಇನ್ನೂ?"

ಆಗಸ್ಟ್ 17, ಭಾನುವಾರ

ಖೋಲಿ ಇದೆ. ಈಗ ಅಲ್ಲಿರುವವರು ಕಟ್ಟಡ ಕೆಲಸದ ಮರೆಪ್ಪ. ರಾಯಚೂರಿನವರು. ಕೇಳಿದ ಕೂಡಲೆ "ತಾಯಿ ನೋಡಾಕ ಬರ್ತಾಳಂದ್ರ ನನ್ನ ಕೇಳೂದೇನದರಿ ಅಕ್ಕಾರ" ಅಂದು ಕೀಲಿ ಕೊಟ್ಟರು. ಮುತ್ತು ಬೆಳಿಗ್ಗೆ ಹೋಗಿ ನೆಲ ಒರೆಸಿದ. ಸಿದ್ರಾಮ ಮಲಗುತ್ತಿದ್ದ ಗೋಡೆಯ ಬದಿಗೆ ಬಹಳ ಹೊತ್ತು ನಿಂತಿದ್ದ. ಚನ್ನಕ್ಕ ಒಳಗೆ ಕಾಲಿಡುತ್ತಾರೋ ಬಾಗಿಲಿನಿಂದಲೇ ತಿರುಗುತ್ತಾರೋ ನಮಗೆ ಗೊತ್ತಿಲ್ಲ. ಒಳಗೆ ಹೋದರೆ ಅವರನ್ನು ಒಬ್ಬರನ್ನೇ ಬಿಡಬೇಕೋ ಜೊತೆಗೆ ನಿಲ್ಲಬೇಕೋ ಅದೂ ಗೊತ್ತಿಲ್ಲ.

ನಿನ್ನೆ ಫೋನಿನಲ್ಲಿ ಚನ್ನಕ್ಕ ನನಗೆ ಉಡಿ ತುಂಬುವ ಮಾತು ಎತ್ತಿದರು. ಮಗನ ಗೆಳೆಯನ ಹೆಂಡತಿ, ಹೊಸದಾಗಿ ಮದುವೆಯಾದವಳು. ಮದುವೆಗೆ ಬರಲಿಲ್ಲ, ವರ್ಷ ತುಂಬಿರಲಿಲ್ಲ. ಈಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತರುತ್ತಾರಂತೆ. "ನೀಲಾಂಬಿಕಾ, ಎಲ್ಲಾ ಕಟ್ಟಿ ತರ್ತೀನಿ. ಆದ್ರ ನಾ ತುಂಬಬಾರದು ತಂಗೀ, ಮಾಂಗಲ್ಯ ಇಲ್ದಾಕಿ. ಮಹಾನಂದಾಗ ಪರೀಕ್ಷಾ, ಬರಂಗಿಲ್ಲ. ನಿಮ್ಮ ಮನಿ ಮಾಲಕರ ಕೈಲೆ ತುಂಬಿಸ್ಕೋ."

"ನೀವ ತುಂಬ್ರಿ, ಇಲ್ಲಾಂದ್ರ ನನಗ ಬ್ಯಾಡ್ರಿ," ಅಂದೆ.

"ಬಂದ್ ಮ್ಯಾಲ ನೋಡೂನು" ಅಂದರು.

ವೆಂಕಟಮ್ಮನಿಗೆ ಹೇಳಿದಾಗ "ಅಂಗೆಲ್ಲ ಮಾಡ್ಬಾರ್ದು ಕಣಮ್ಮಾ, ಒಸ ಮದ್ವೆ" ಅಂದರು. ಅವರೇ ಸ್ವಲ್ಪ ಹೊತ್ತಿನ ಮೇಲೆ "ಆವತ್ತು ಗಂಜಿ ಕುಡಿಯೋವಾಗ ಆ ಉಡ್ಗ ಅವ್ರವ್ವನ ರೊಟ್ಟಿ ಸುದ್ದಿನೇ ಮಾತಾಡ್ತಿದ್ದ" ಅಂತ ಒಳಗೆ ಹೋದರು.

ಸಂಜೆ ಶಿವಶಂಕರ್ ಅವರ ಅಂಗಡಿಗೆ ಹೋಗಿದ್ದೆ. ಸಿದ್ರಾಮನ ಹೆಡ್‌ಸೆಟ್ಟಿನ ದಿಂಬು ಹರಿದು ಒಳಗಿನ ಪ್ಲಾಸ್ಟಿಕ್ಕು ತಾಯಿಯ ಕಿವಿಗೆ ಒತ್ತುತ್ತದೆಯೆಂದು ಮಹಾನಂದಾ ಹೇಳಿದ್ದಳು. ಅವರದ್ದು ಹಳೆಯ ಕಾಲದ ದೊಡ್ಡ ಬೆಂಡೋಲೆ.

"ಮತ್ತೆ ಏನಾಯ್ತು ಮೇಡಂ ನನ್ನ ಹೆಡ್‌ಸೆಟ್‌ಗೆ?"

"ಏನೂ ಆಗಿಲ್ಲ. ಅದೇ ಥರದ್ದು ಇನ್ನೊಂದು ಬೇಕು. ಇನ್ನೂ ಹಗುರ, ಇನ್ನೂ ಅಗಲ. ವಯಸ್ಸಾದವರಿಗೆ."

"ಯಾವ ಗೇಮ್ ಆಡ್ತಾರೆ?"

"ಆಡಲ್ಲ. ಕೇಳ್ತಾರೆ."

ಶಿವಶಂಕರ್ ಕೆಳಗಿನ ಖಾನೆ ಎಳೆದರು. ಮೂರು ತೆಗೆದಿಟ್ಟರು. ಒಂದೊಂದನ್ನೂ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ದೀಪ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಕಿವಿಯ ಹಿಂದೆ ಎಲ್ಲಿ ಒತ್ತುತ್ತದೆ ಅಂತ ಬೆರಳಿನಿಂದ ಮುಟ್ಟಿ ನೋಡಿದೆ. ಕೊನೆಯದು ಒತ್ತಲಿಲ್ಲ. ಅದರ ಮೈಕು ಮಡಚಿದರೆ ಬಂದ್ ಆಗುತ್ತದೆ, ಇಳಿಸಿದರೆ ತೆರೆಯುತ್ತದೆ. ಬೇಕಾದಾಗ ಅವರೇ ಮಾಡಿಕೊಳ್ಳಬಹುದು.

ಮುತ್ತು ರಜೆ ಹಾಕಿದ್ದಾನೆ. ಮೆಜೆಸ್ಟಿಕ್ಕಿನ ಸ್ಟೇಷನ್ನಿಗೆ ಇಬ್ಬರೂ ಹೋಗುತ್ತೇವೆ, ಅಲ್ಲಿಂದ ಮೆಟ್ರೋದಲ್ಲಿ ಕರೆತರುತ್ತೇವೆ. ಚನ್ನಕ್ಕ ನಾಳೆ ಸಂಜೆ ಯಾದಗಿರಿಯಲ್ಲಿ ಹತ್ತುತ್ತಾರೆ. ಬರುವುದು ಮಂಗಳವಾರ ಹತ್ತೊಂಬತ್ತನೆಯ ತಾರೀಕು, ಬೆಳಿಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ.